ಒಂದು ಕೈ ಹಸುವಿನ ಮೇಲೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮನೆಯವರೂ ಹೇಳುತ್ತಾರೆ, ಕೆಲಸ ಕೊಟ್ಟವರೂ ಹೇಳುತ್ತಾರೆ, ನಾನೂ ಒಪ್ಪಿಕೊಂಡು ಬಹಳ ಕಾಲವಾಯಿತು. ಆದರೆ ಆ ಸಿಟ್ಟು ಒಂದು ಸಲ ತಪ್ಪು ಮನುಷ್ಯರ ಮೇಲೆ ಹೋಯಿತು, ಹೋದಷ್ಟೇ ವೇಗವಾಗಿ ನನ್ನ ಮೇಲೆಯೇ ತಿರುಗಿ ಬಂತು. ಹಾಗೆ ಬಂದ ಮೇಲೆ ನಾನು ಮಾಡಿದ ಕೆಲಸದ ಬಗ್ಗೆ ಇವತ್ತಿಗೂ ಜಂಬ ಪಡುತ್ತೇನೆ. ವಿಷಯ ಬಹಳ ಚಿಕ್ಕದು. ಮೊಬೈಲಿನಲ್ಲಿ ಏನನ್ನಾದರೂ ಹುಡುಕುವಾಗ ಮೇಲುಗಡೆ ಒಂದು ಉದ್ದನೆಯ ಖಾಲಿ ಪಟ್ಟಿ ಇರುತ್ತದಲ್ಲ, ಆ ಸರ್ಚ್ ಬಾರ್, ಮತ್ತೆ ಅದನ್ನು ಮುಟ್ಟಿದ ಕೂಡಲೇ ಕೆಳಗಿನಿಂದ ಎದ್ದು ಬರುವ ಕೀಬೋರ್ಡ್. ಇವೆರಡೇ.

ಹುಣಸೂರಿನಲ್ಲಿ ಪೈಪು, ಮೋಟಾರು ಮಾರುವ ಅಂಗಡಿಯೊಂದರ ಮೇಲೆ ಎರಡು ಕೋಣೆ ಹಿಡಿದು ನಾನು ಆ್ಯಪ್ ಬರೆಯುತ್ತೇನೆ. ಹುಟ್ಟಿದ್ದು ಕೆ.ಆರ್. ನಗರ, ಸೊಸೆಯಾಗಿ ಬಂದದ್ದು ಹುಣಸೂರಿಗೆ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಆರು ವರ್ಷ ಮೈಸೂರಿಗೆ ದಿನಾ ಬಸ್ಸಿನಲ್ಲಿ ಓಡಾಡಿದೆ. ಒಂದು ದಿನ ಬಿಳಿಕೆರೆ ಹತ್ತಿರ ಬಸ್ಸು ಕೆಟ್ಟು, ಬಿಸಿಲಿನಲ್ಲಿ ರಸ್ತೆ ಬದಿಯಲ್ಲಿ ನಿಂತಾಗ, ಕುರ್ಚಿಯ ಮೇಲೆ ಕೂತು ಮಾಡುವ ಕೆಲಸಕ್ಕೆ ಇಷ್ಟು ದೂರ ಯಾಕೆ ಹೋಗಬೇಕು ಅನಿಸಿತು. ಅವತ್ತೇ ರಾಜೀನಾಮೆ ಬರೆದೆ. ಸಿಟ್ಟಿನಲ್ಲಿ ಮಾಡಿ ಒಳ್ಳೆಯದಾದ ಕೆಲಸ ಅಂತಿದ್ದರೆ ಅದೊಂದೇ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕಿನ ಹೈನುಗಾರರು ಸೇರಿ ಮಾಡಿಕೊಂಡ ಒಂದು ಕಂಪನಿಯವರು ನನಗೆ ಕೆಲಸ ಕೊಟ್ಟರು. ಅವರ ಹತ್ತಿರ ಹತ್ತು ಹದಿನೈದು ಜನ ಹೆಂಗಸರಿದ್ದರು. ಒಬ್ಬೊಬ್ಬರಿಗೆ ನಾಲ್ಕೈದು ಊರು. ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ ಯಾವ ಹಸು ಯಾವಾಗ ಬೆದೆಗೆ ಬಂತು, ಯಾವುದು ಗಬ್ಬ, ಯಾವುದಕ್ಕೆ ಜಂತಿನ ಔಷಧಿ ಕೊಡಬೇಕು, ಲಸಿಕೆ ಯಾವಾಗ, ಇದನ್ನೆಲ್ಲ ನೋಡಿ ಬರೆದುಕೊಳ್ಳುವುದು ಅವರ ಕೆಲಸ. ಪುಸ್ತಕದಲ್ಲಿ ಬರೆಯುತ್ತಿದ್ದುದನ್ನು ಇನ್ನು ಮೇಲೆ ಫೋನಿನಲ್ಲಿ ಬರೆಯಬೇಕು ಎಂದು ಕಂಪನಿ ತೀರ್ಮಾನಿಸಿತು. ಹಸುವಿನ ಕಿವಿಗೆ ಹಾಕುವ ಹಳದಿ ಓಲೆಯ ಮೇಲೆ ಹನ್ನೆರಡು ಅಂಕಿಯ ನಂಬರ್ ಇರುತ್ತದೆ. ಅದನ್ನು ಸರ್ಚ್ ಬಾರಿನಲ್ಲಿ ಒತ್ತಿದರೆ ಹಸುವಿನ ಜಾತಕ ಬರಬೇಕು. ಎರಡು ತಿಂಗಳಲ್ಲಿ ಬರೆದು ಕೊಟ್ಟೆ. ಚೆನ್ನಾಗಿ ಬರೆದಿದ್ದೇನೆ ಎಂದೇ ತಿಳಿದಿದ್ದೆ.

ಮೂರನೇ ತಿಂಗಳಿಗೆ ಮ್ಯಾನೇಜರ್ ಫೋನ್ ಮಾಡಿದರು. ಗಾವಡಗೆರೆ ಕಡೆಯ ಐದು ಊರು ನೋಡಿಕೊಳ್ಳುವ ಹೆಂಗಸು ಒಂದೊಂದು ಹಸುವನ್ನೂ ಎರಡು ಸಲ, ಮೂರು ಸಲ ಹೊಸದಾಗಿ ಸೇರಿಸುತ್ತಿದ್ದಾರೆ, ಊರಿನಲ್ಲಿ ಇಲ್ಲದಷ್ಟು ಹಸು ಆ್ಯಪಿನಲ್ಲಿ ಆಗಿವೆ, ಬೇರೆ ಯಾರೂ ಹೀಗೆ ಮಾಡುತ್ತಿಲ್ಲ ಎಂದರು. ಬರುವ ತಿಂಗಳಿಂದ ಆ ಊರುಗಳನ್ನು ಬೇರೆಯವರಿಗೆ ಕೊಡುತ್ತೇವೆ, ಆಕೆಗೆ ಕಾಗದ ಕಳಿಸುತ್ತಿದ್ದೇವೆ ಎಂದೂ ಹೇಳಿದರು.

ನಾನು ಆಗ ಏನು ಹೇಳಿದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. "ಸಾರ್, ಫೋನೇ ಬರದವರ ಕೈಗೆ ಆ್ಯಪ್ ಕೊಟ್ಟರೆ ಇನ್ನೇನಾಗುತ್ತೆ" ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆಯನ್ನೂ ಸೇರಿಸಿದೆ. ಅವರು ನಕ್ಕರು. ನಾನೂ ನಕ್ಕೆ.

ಎರಡು ದಿನ ಬಿಟ್ಟು ಆ ಹೆಂಗಸೇ ನನ್ನ ಕೋಣೆಗೆ ಬಂದರು. ಐವತ್ತರ ಆಸುಪಾಸು, ಗಟ್ಟಿ ಆಳು. ಮೆಟ್ಟಿಲು ಹತ್ತಿ ಬಂದರೂ ಏದುಸಿರಿಲ್ಲ. ಕೈಚೀಲದಿಂದ ಕಂಪನಿಯ ಕಾಗದ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಅವರನ್ನು ಮುಂದೆ ನಾನು ಅಕ್ಕ ಎಂದೇ ಕರೆದೆ, ಇಲ್ಲೂ ಹಾಗೇ ಬರೆಯುತ್ತೇನೆ.

"ಹನ್ನೊಂದು ವರ್ಸದಿಂದ ಆ ಊರ್ಗಳ್ನ ಸುತ್ತಿವ್ನಿ ಮೇಡಂ. ಗಂಡ ತೀರ್ಕಂಡ್ಮೇಲೆ ಈ ಕೆಲ್ಸನೇ ನನ್ನ ಎತ್ತಿ ನಿಲ್ಸಿದ್ದು. ನಾನು ಏನ್ ತಪ್ಪು ಮಾಡ್ತಾವ್ನಿ ಅಂತ ಯೋಳಿ, ತಿದ್ಕತೀನಿ" ಎಂದರು.

ಕಾಗದ ಓದಿದೆ. ಆ ಕಾಗದಕ್ಕೆ ನನ್ನ ಮಾತೂ ಒಂದು ಮೊಳೆ ಹೊಡೆದಿದೆ ಎಂದು ಒಳಗೆ ಚುಚ್ಚಿತು. ಚುಚ್ಚಿದಾಗ ನನಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ. "ಮೊದಲು ಹುಡುಕಬೇಕು, ಸಿಗದಿದ್ದರೆ ಮಾತ್ರ ಹೊಸ ಹಸು ಸೇರಿಸಬೇಕು. ಅಷ್ಟೇ ತಾನೆ?" ಎಂದೆ.

"ಉಡುಕ್ತೀನಿ. ಇಲ್ಲ ಅಂತದೆ. ಅಸ ನನ್ ಕಣ್ಮುಂದೆ ಮೆಲುಕಾಕ್ತಾ ನಿಂತದೆ, ಫೋನು ಇಲ್ಲ ಅಂತದೆ. ನಾನು ಯಾರ್ನ ನಂಬನ?"

"ಹಾಗೆ ಆಗೋಕೆ ಸಾಧ್ಯವೇ ಇಲ್ಲ."

"ಕುಂತ್ಕಂಡು ಯೋಳುದ್ರೆ ಎಂಗೆ? ನೀವೇ ಒಂದ್ಸಲ ಕೊಟ್ಗೆಗೆ ಬಂದು ನೋಡಿ" ಎಂದರು. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಒಪ್ಪದೆ ವಿಧಿಯಿರಲಿಲ್ಲ. ನಿಜ ಹೇಳಬೇಕೆಂದರೆ, ಅವರ ತಪ್ಪನ್ನು ಅವರ ಕಣ್ಣಿಗೇ ತೋರಿಸಿ ಬರೋಣ ಎಂದೇ ಒಪ್ಪಿದೆ.

ಮಾರನೇ ಬೆಳಿಗ್ಗೆ ಹಾಲು ಡೈರಿಗೆ ಹೋದ ಮೇಲೆ ನಾವು ಒಂದು ಕೊಟ್ಟಿಗೆಗೆ ಹೋದೆವು. ಅಕ್ಕ ಹೊರಗೆ ಚಪ್ಪಲಿ ಬಿಟ್ಟರು, ಒಳಗೆ ಕಾಲಿಡುವ ಮೊದಲೇ ಹಸುವಿನ ಜೊತೆ ಮಾತು ಶುರು ಮಾಡಿದರು, ಪಕ್ಕಕ್ಕೆ ಹೋಗಿ ಬಲಗೈಯನ್ನು ಅದರ ಬೆನ್ನಿನ ಮೇಲೆ ಇಟ್ಟರು. ಆಮೇಲೆ ಆ ಕೈ ಹಸುವನ್ನು ಬಿಡಲೇ ಇಲ್ಲ. ಬೆನ್ನಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಸವರಿಕೊಂಡೇ ಹೋಗಿ ಓಲೆಯನ್ನು ಬೆಳಕಿಗೆ ತಿರುಗಿಸಿತು. ಎಡಗೈಯಲ್ಲಿ ಫೋನು. ಹೆಬ್ಬೆರಳು ಒಂದರಿಂದಲೇ ಹನ್ನೆರಡು ಅಂಕಿ ಒತ್ತಬೇಕು.

"ಕೈ ಯಾಕೆ ತೆಗೆಯಲ್ಲ ಅಕ್ಕ?"

"ನಾನು ಅದ್ರ ಮನೆ ಮನ್ಸಿ ಅಲ್ವಲ್ಲ. ಕೈ ಮೇಲಿದ್ರೆ ನಾನ್ ಎಲ್ಲಿವ್ನಿ ಅಂತ ಅದ್ಕೆ ಗೊತ್ತಿರ್ತದೆ. ಕೈ ಬುಟ್ಟು ತಿರ್ಗ ಮುಟ್ಟುದ್ರೆ ಬೆಚ್ಚಿ ಒದೀತದೆ. ನಮ್ಮವ್ವನೂ ಇಂಗೇ, ಅವ್ರವ್ವನೂ ಇಂಗೇ. ದನಿನ್ ಕೆಲ್ಸ ಒಂದೇ ಕೈಲಿ ಮೇಡಂ, ಇನ್ನೊಂದು ಕೈ ದನಿಂದು."

ಅವರು ಒತ್ತುತ್ತಲೇ ಇದ್ದರು. ಹೆಬ್ಬೆರಳು ಬಲತುದಿಯ ಅಂಕಿಗಳಿಗೆ ಎಟುಕದೆ ಪರದೆಯ ಬೇರೆ ಯಾವುದೋ ಕಡೆ ತಗುಲಿತು. ಕೀಬೋರ್ಡ್ ಇಳಿದುಹೋಯಿತು, ಒತ್ತಿದ್ದ ಎಂಟು ಅಂಕಿಯೂ ಅಳಿಸಿಹೋದವು. ಮೊದಲಿಂದ ಒತ್ತಿದರು. ಇನ್ನೊಂದು ಸಲವೂ ಹಾಗೇ ಆಯಿತು. ಮೂರನೇ ಸಲಕ್ಕೆ ಹನ್ನೆರಡೂ ಬಂದವು. "ನೋಡಿ ಮೇಡಂ" ಎಂದು ಫೋನನ್ನು ನನ್ನ ಕಡೆ ಹಿಡಿದರು. ಮೇಲೆ ನಂಬರ್, ಅದರ ಕೆಳಗೆ ನಾನೇ ಅಂದಕ್ಕೆಂದು ಇಟ್ಟ ಹಸುವಿನ ಚಿತ್ರ, ಅದರ ಕೆಳಗೆ ಹಸಿರು ಬಣ್ಣದಲ್ಲಿ 'ಹೊಸ ಹಸು ಸೇರಿಸಿ', ಅದರ ಕೆಳಗೆ ಅರ್ಧ ಪರದೆಯ ತುಂಬ ಕೀಬೋರ್ಡ್. ಹಸುವಿನ ಜಾತಕ ಎಲ್ಲೂ ಇರಲಿಲ್ಲ.

"ಇಲ್ಲಿ ಕೊಡಿ" ಎಂದು ಫೋನ್ ಕಿತ್ತುಕೊಂಡು, ಎರಡೂ ಕೈಯಲ್ಲಿ ಹಿಡಿದು, ಹಸುವಿನ ಹಿಂಭಾಗಕ್ಕೇ ಹೋಗಿ ನಿಂತೆ. ಕೀಬೋರ್ಡನ್ನು ಇಳಿಸಿದೆ. ಅದರ ಹಿಂದೆ, ಒಂದೇ ಒಂದು ಸಾಲಿನಲ್ಲಿ, ಆ ಹಸು ಇತ್ತು. ಊರು, ಮನೆ, ಗಬ್ಬದ ತಿಂಗಳು, ಎಲ್ಲ ಸರಿಯಾಗಿತ್ತು. ಕೀಬೋರ್ಡ್ ಅದನ್ನು ಪೂರ್ತಿ ಮುಚ್ಚಿಕೊಂಡಿತ್ತು. ನಾನು ಅದನ್ನು ನೋಡುತ್ತಿರುವಾಗಲೇ ಹಸು ನನ್ನ ಮೊಣಕಾಲಿನ ಕೆಳಗೆ ಸರಿಯಾಗಿ ಒಂದು ಕೊಟ್ಟಿತು.

ಗೊಬ್ಬರದ ಪಕ್ಕ ಕೂತುಕೊಂಡೆ. ನೋವಿಗಿಂತ ನಾಚಿಕೆ ಜಾಸ್ತಿಯಾಗಿತ್ತು. ಆ್ಯಪ್ ಬರೆಯುವಾಗ ನಾವು ಕಂಪ್ಯೂಟರಿನೊಳಗೇ ಒಂದು ಸುಳ್ಳು ಫೋನ್ ತೆರೆದು ಪರೀಕ್ಷೆ ಮಾಡುತ್ತೇವೆ. ನಾನು ಅಂಕಿಗಳನ್ನೆಲ್ಲ ಮೇಜಿನ ಮೇಲಿನ ಕೀಬೋರ್ಡಿನಲ್ಲಿ ಒತ್ತಿದ್ದೆ. ಹಾಗಾಗಿ ಫೋನಿನೊಳಗಿನ ಕೀಬೋರ್ಡ್ ಏಳುವ ಪ್ರಮೇಯವೇ ಬಂದಿರಲಿಲ್ಲ. ಎರಡು ತಿಂಗಳು ಬರೆದ ಆ್ಯಪಿನಲ್ಲಿ ಕೀಬೋರ್ಡ್ ಎದ್ದು ನಿಂತರೆ ಏನು ಉಳಿಯುತ್ತದೆ ಎನ್ನುವುದನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಉಳಿಯುತ್ತಿದ್ದುದು 'ಹೊಸ ಹಸು ಸೇರಿಸಿ' ಒಂದೇ. ಅಕ್ಕ ಅದನ್ನು ಒತ್ತಿದರು. ನೆಲ ನಿಜವಾಗಿಯೂ ಡೊಂಕಾಗಿತ್ತು, ಡೊಂಕು ಮಾಡಿದವಳು ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಕಾಗದ ಮಾತ್ರ ಅಕ್ಕನ ಮನೆಗೆ ಹೋಗಿತ್ತು.

"ತಪ್ಪು ನಂದು ಅಕ್ಕ" ಎಂದೆ.

"ಮೊದ್ಲು ಕಾಲ್ ನೋಡ್ಕ ಬಾ. ಅದೇನು ಅಂತಾ ಜೋರಾಗಿ ಒದಿಲಿಲ್ಲ ಬುಡು" ಎಂದರು. ಅಲ್ಲಿಂದ ಮುಂದೆ ನಾನು ಮೇಡಂ ಆಗಿರಲಿಲ್ಲ.

ಹಾಗಾದರೆ ಬೇರೆಯವರಿಗೆ ಯಾಕೆ ಈ ತೊಂದರೆ ಇಲ್ಲ? ಆ ಪ್ರಶ್ನೆ ತಲೆ ತಿಂದಿತು. ಕೋಣೆಗೆ ಬಂದು ಪಿರಿಯಾಪಟ್ಟಣದ ಕಡೆ ಒಬ್ಬರಿಗೆ, ಕೆ.ಆರ್. ನಗರದ ಕಡೆ ಇಬ್ಬರಿಗೆ ಫೋನ್ ಮಾಡಿ ಕೇಳಿದೆ. ಮೂವರದೂ ಒಂದೇ ಉತ್ತರ. ಕೊಟ್ಟಿಗೆಯಲ್ಲಿ ಫೋನ್ ತೆಗೆಯುವುದೇ ಇಲ್ಲ, ನಂಬರನ್ನು ಅಂಗೈ ಮೇಲೋ ಚೀಟಿಯಲ್ಲೋ ಬರೆದುಕೊಂಡು ಬಂದು, ಮನೆಯಲ್ಲಿ ಆರಾಮಾಗಿ ಕೂತು ಎರಡು ಕೈಯಲ್ಲಿ ಒತ್ತಿ, ಕೀಬೋರ್ಡ್ ಇಳಿಸಿ ನೋಡುತ್ತೇವೆ ಎಂದರು. ಹಸುವಿನ ಎದುರು ನಿಂತು ಬರೆಯಬೇಕು ಎಂಬ ಕಂಪನಿಯ ನಿಯಮವನ್ನು ನಾಲ್ಕು ತಾಲ್ಲೂಕಿನಲ್ಲಿ ನನಗೆ ತಿಳಿದ ಮಟ್ಟಿಗೆ ಪಾಲಿಸುತ್ತಿದ್ದವರು ಒಬ್ಬರೇ. ಅವರನ್ನೇ ತೆಗೆಯುತ್ತಿದ್ದರು.

ಮ್ಯಾನೇಜರಿಗೆ ಇದನ್ನೆಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಆದರೆ ಒಮ್ಮೆ ಸಹಿ ಹಾಕಿದ ಕಾಗದದ ಮೇಲೆ ಅವರಿಗೆ ವಿಪರೀತ ಗೌರವ. "ನೀವು ಆಕೆ ಪರ ಮಾತಾಡ್ತಿದ್ದೀರಿ. ಸರಿ, ಮುಂದಿನ ವಾರದ ಮೀಟಿಂಗು ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಹತ್ತಿರ ಇದೆ. ಅಲ್ಲೇ ಒಬ್ಬರ ಕೊಟ್ಟಿಗೆಯಲ್ಲಿ ಹತ್ತು ಹಸು ಇವೆ. ಎಲ್ಲರ ಎದುರಿಗೆ ಹುಡುಕಿ ತೋರಿಸಲಿ. ಒಂದೇ ಒಂದು ಹಸು ಎರಡು ಸಲ ಸೇರಿದರೂ ನನ್ನ ಕಾಗದ ಹಾಗೇ ಇರುತ್ತೆ" ಎಂದರು.

ಎಂಟು ದಿನ ಇತ್ತು. ಸರ್ಚ್ ಬಾರನ್ನು ಮೇಲಿನಿಂದ ಕಿತ್ತು ಪರದೆಯ ಕೆಳಭಾಗಕ್ಕೆ ತಂದೆ, ಹೆಬ್ಬೆರಳು ಇರುವ ಕಡೆಗೆ. ಫೋನಿನದೇ ಕೀಬೋರ್ಡನ್ನು ಬಿಟ್ಟು, ಬರೀ ಹತ್ತು ಅಂಕಿಗಳ ಒಂದು ಸ್ವಂತ ಕೀಲಿಮಣೆ ಬರೆದೆ. ಅಕ್ಷರಗಳಿಲ್ಲ, ಚುಕ್ಕಿ ಗೆರೆಗಳಿಲ್ಲ, ಒಂದೊಂದು ಅಂಕಿಯೂ ಬೆರಳಿಗಿಂತ ಅಗಲ, ಎಲ್ಲವೂ ಎಡಕ್ಕೆ ಒತ್ತರಿಸಿ ನಿಂತವು. ಬಲಗೈಯವರಿಗೆ ಬೇಕಾದರೆ ಬಲಕ್ಕೆ ಸರಿಯುವ ಹಾಗೆ ಮಾಡಿದೆ. ಒಂದು ಊರಿನೊಳಗೆ ಹುಡುಕಲು ಹನ್ನೆರಡು ಅಂಕಿ ಬೇಕಿಲ್ಲ, ಕೊನೆಯ ನಾಲ್ಕು ಸಾಕು. ನಾಲ್ಕನೆಯದು ಬೀಳುತ್ತಲೇ ಹುಡುಕಾಟ ತಾನಾಗಿ ನಡೆಯುತ್ತದೆ, ಬೇರೆ ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ಸಿಕ್ಕಿದ ಹಸು ಕೀಲಿಮಣೆಯ ತಲೆಯ ಮೇಲೆಯೇ ಬಂದು ನಿಲ್ಲುತ್ತದೆ. ಎಲ್ಲಿ ಮುಟ್ಟಿದರೂ ಒತ್ತಿದ ಅಂಕಿ ಅಳಿಸುವುದಿಲ್ಲ. ಅಂದದ ಚಿತ್ರವನ್ನು ತೆಗೆದು ಬಿಸಾಕಿದೆ. 'ಹೊಸ ಹಸು ಸೇರಿಸಿ' ಎನ್ನುವುದು ಹುಡುಕಿ ಮುಗಿದು ಏನೂ ಸಿಗದಿದ್ದಾಗ ಮಾತ್ರ ಮುಖ ತೋರಿಸಬೇಕು ಎಂದು ಕಟ್ಟು ಹಾಕಿದೆ.

ಪ್ರತಿ ದಿನ ಬೆಳಿಗ್ಗೆ ಹೊಸದನ್ನು ಅಕ್ಕನ ಫೋನಿಗೆ ಹಾಕಿಕೊಟ್ಟು ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಒಳಗೆ ಹೋಗುವ ಧೈರ್ಯ ಇರಲಿಲ್ಲ. ನಾನು ಕಂಡ ಅಷ್ಟು ಮೇಲಧಿಕಾರಿಗಳಲ್ಲಿ ಅಕ್ಕನಷ್ಟು ನಿರ್ದಾಕ್ಷಿಣ್ಯವಾಗಿ ನನ್ನ ಕೆಲಸ ನೋಡಿದವರು ಯಾರೂ ಇಲ್ಲ. ಒಂದು ದಿನ ಬುದ್ಧಿವಂತಿಕೆ ಉಕ್ಕಿ, ಹೆಬ್ಬೆರಳು ತಿರುಗುವ ದಾರಿಗೆ ಸರಿಯಾಗಿ ಅಂಕಿಗಳನ್ನು ಬೀಸಣಿಗೆಯ ಹಾಗೆ ಬಾಗಿಸಿ ಜೋಡಿಸಿದೆ. ನೋಡಲು ಬಹಳ ಚಂದವಿತ್ತು. ನಾನೇ ಅದರ ಫೋಟೊ ತೆಗೆದಿಟ್ಟುಕೊಂಡಿದ್ದೆ.

ಅಕ್ಕ ಎರಡು ಹಸು ನೋಡಿ ವಾಪಸ್ ಬಂದರು. "ಬ್ಯಾಡ ಕಣವ್ವ. ಎಲ್ರ ಫೋನ್ನಾಗೂ ಅಂಕಿ ಎಂಗವೋ ಅಂಗೇ ಇರ್ಲಿ. ನಾನು ನೋಡ್ದಿದ್ರೂ ಬೆರ್ಳು ಅಲ್ಲಿಗೋಯ್ತದೆ. ಇದ್ರಲ್ಲಿ ನಾನು ಅಂಕಿ ಉಡುಕ್ಲೋ, ಅಸ ನೋಡ್ಲೋ?"

"ಮೂರು ಗಂಟೆ ಕೂತು ಮಾಡಿದ್ದೀನಿ ಅಕ್ಕ."

"ನಿನ್ ಮೂರ್ ಗಂಟೆ ತಕ್ಕಂಡು ಅಸ ಏನ್ ಮಾಡಾದು."

ಸಿಟ್ಟು ಬಂತು. ಸಂಜೆಯ ತನಕ ಇತ್ತು. ಸಂಜೆ ಬೀಸಣಿಗೆ ತೆಗೆದು ಅಂಕಿಗಳನ್ನು ಮೊದಲಿನ ಹಾಗೆ ಮೂರು ಮೂರರ ಸಾಲಿಗೆ ಹಾಕಿದೆ. ಅಳಿಸುವ ಗುಂಡಿ ಅಂಗೈ ತಗುಲಿ ತಾನಾಗಿ ಒತ್ತಿಕೊಳ್ಳುತ್ತಿದೆ ಎಂದರು, ಅದನ್ನು ಮೇಲಕ್ಕೆ ಕಳಿಸಿದೆ. ಅಂಕಿ ಬಿದ್ದದ್ದು ಗೊತ್ತಾಗಲು ಶಬ್ದ ಇಟ್ಟಿದ್ದೆ, ಹಸು ಕಿವಿ ನಿಗುರಿಸುತ್ತದೆ ಎಂದರು, ಶಬ್ದ ತೆಗೆದು ಫೋನು ಸಣ್ಣಗೆ ನಡುಗುವಂತೆ ಮಾಡಿದೆ. ಏಳನೇ ದಿನ ಅಕ್ಕ ಕೊಟ್ಟಿಗೆಯಿಂದ ಏನೂ ಹೇಳದೆ ಹೊರಗೆ ಬಂದು, ಚಪ್ಪಲಿ ಮೆಟ್ಟಿಕೊಂಡು, ಮುಂದಿನ ಮನೆಗೆ ನಡೆದುಬಿಟ್ಟರು. ಏನಾಯಿತು ಎಂದು ಹಿಂದೆ ಓಡಿದೆ. "ಏನಾಯ್ತದೆ? ಅಸ ಸಿಕ್ತು, ಬರ್ದೆ" ಎಂದರು. ಆ ದಿನ ಊಟ ರುಚಿಯಾಗಿತ್ತು.

ಹ್ಯಾಂಡ್‌ಪೋಸ್ಟಿಗೆ ನಾವಿಬ್ಬರೂ ಹುಣಸೂರಿನಿಂದ ಒಟ್ಟಿಗೆ ಹೋದೆವು. ಬಸ್ಸಿನಲ್ಲಿ ಅಕ್ಕ ಕಾಗದ ಇದ್ದ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದರು. ಪರಿಚಯವಿಲ್ಲದ ಊರು, ಪರಿಚಯವಿಲ್ಲದ ಹತ್ತು ಹಸು. ಹನ್ನೊಂದು ವರ್ಷದ ಅನ್ನ ಒಂದು ಬೆಳಗಿನ ಮೇಲೆ ನಿಂತಿತ್ತು.

ಕೊಟ್ಟಿಗೆಯ ಬಾಗಿಲಿಗೆ ನಾಲ್ಕೂ ತಾಲ್ಲೂಕಿನ ಹೆಂಗಸರು ಬಂದು ನಿಂತರು. ಮ್ಯಾನೇಜರ್ ಲ್ಯಾಪ್‌ಟಾಪ್ ತೆರೆದು ಕುರ್ಚಿ ಹಾಕಿಕೊಂಡರು. ಅಕ್ಕ ಚಪ್ಪಲಿ ಬಿಟ್ಟು ಒಳಗೆ ಹೋಗಿ ಮೊದಲ ಹಸುವಿನ ಬೆನ್ನಿನ ಮೇಲೆ ಕೈ ಇಟ್ಟು, ಅದು ಉಸಿರು ಬಿಡುವವರೆಗೂ ಸುಮ್ಮನೆ ನಿಂತರು. ಆಮೇಲೆ ಕೈ ಕಿವಿಗೆ ಹೋಯಿತು, ಹೆಬ್ಬೆರಳು ನಾಲ್ಕು ಸಲ ಆಡಿತು. "ಕೆಂದು ಅಸ, ನಾಲ್ಕು ತಿಂಗ್ಳು ಗಬ್ಬ" ಎಂದು ಹೇಳಿದರು. ಲ್ಯಾಪ್‌ಟಾಪಿನಲ್ಲೂ ಅದೇ ಬಂತು. ಎರಡನೆಯದೂ ಸಿಕ್ಕಿತು, ಮೂರನೆಯದೂ ಸಿಕ್ಕಿತು. ನಾಲ್ಕನೆಯದನ್ನು ಒದೆಯುವ ಹಸು ಎಂದು ಮನೆಯವರು ಮೊದಲೇ ಎಚ್ಚರಿಸಿದ್ದರು. ಅದು ಒಮ್ಮೆ ಕಾಲೆತ್ತಿ, ಅಕ್ಕನ ಕೈ ಅಲ್ಲೇ ಇರುವುದನ್ನು ತಿಳಿದು, ಮತ್ತೆ ಇಳಿಸಿತು.

ಆರನೆಯದರ ಹತ್ತಿರ ಅಕ್ಕ ಫೋನನ್ನೂ ಹಸುವನ್ನೂ ಎರಡು ಸಲ ನೋಡಿದರು.

"ಇದು ಏಳು ತಿಂಗ್ಳು ಗಬ್ಬ ಅಂತ ಬರ್ದವ್ರೆ ಸಾರ್. ಇದು ಇನ್ನೂ ಕಡ್ಸು, ಬೆದೆಗೇ ಬಂದಿಲ್ಲ. ಬೇರೆ ಅಸಿನ ವಿಸ್ಯ ಇದ್ರ ಮೇಲ್ ಬಿದ್ದದೆ."

ಮನೆಯವರು ಹೌದು ಎಂದರು. ಗಬ್ಬದ ಹಸು ಪಕ್ಕದ್ದು, ಇದಲ್ಲ. ಆ ಊರಿನ ಕೆಲಸ ನೋಡುವ ಹೆಂಗಸು ಹಿಂದಿನಿಂದ ಸಣ್ಣ ದನಿಯಲ್ಲಿ, ಚೀಟಿ ಅದಲುಬದಲಾಗಿರಬೇಕು ಎಂದಳು. ಅಕ್ಕ ಅವಳ ಕಡೆ ತಿರುಗಿ ನೋಡಲೂ ಇಲ್ಲ. ಅಲ್ಲೇ ನಿಂತು ಎಡ ಹೆಬ್ಬೆರಳಿನಲ್ಲೇ ಎರಡನ್ನೂ ತಿದ್ದಿದರು. ಒಂಬತ್ತನೆಯದು ಮೊನ್ನೆ ತಾನೆ ಕೊಪ್ಪದ ಕಡೆಯಿಂದ ತಂದ ಹಸು, ಹುಡುಕಿದರೆ ಇರಲಿಲ್ಲ. ಆಗ ಮಾತ್ರ ಆ ಹಸಿರು ಗುಂಡಿ ಕಾಣಿಸಿಕೊಂಡಿತು. ಅಕ್ಕ ಅದನ್ನು ಒಮ್ಮೆ ಒತ್ತಿದರು.

ಹತ್ತೂ ಮುಗಿದವು. ಒಂದು ಹಸುವೂ ಎರಡು ಸಲ ಸೇರಿರಲಿಲ್ಲ. ಮ್ಯಾನೇಜರ್ ಲ್ಯಾಪ್‌ಟಾಪಿನಲ್ಲಿ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನೋಡಿದರು. ನನಗೆ ಕುಣಿಯಬೇಕು ಅನಿಸಿತು, ಅದರ ಬದಲು ಎಲ್ಲರೆದುರು ನಿಂತು ಇಷ್ಟು ದಿನ ಹಸುಗಳು ಎರಡೆರಡು ಆದದ್ದು ನಾನು ಬರೆದ ತಪ್ಪಿನಿಂದ, ಇವರಿಂದ ಅಲ್ಲ ಎಂದು ಹೇಳಿದೆ. ಹೇಳುವುದು ಕಷ್ಟವಾಯಿತು. ಹೇಳಿದ ಮೇಲೆ ಮೈ ಹಗುರವಾಯಿತು. ಹೆಂಗಸರೆಲ್ಲ ಅಕ್ಕನ ಸುತ್ತ ಸೇರಿ ಫೋನು ಕೈಗೆ ತೆಗೆದುಕೊಂಡು ಅಂಕಿ ಒತ್ತಿ ನೋಡತೊಡಗಿದರು.

"ಆಯ್ತಮ್ಮ, ನಿಮ್ಮ ಊರುಗಳು ನಿಮಗೇ ಇರಲಿ" ಎಂದು ಮ್ಯಾನೇಜರ್ ಲ್ಯಾಪ್‌ಟಾಪ್ ಮಡಚಿ ಎದ್ದರು.

ಅಕ್ಕ ತೊಟ್ಟಿಯಲ್ಲಿ ಕೈ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು, ಅವರ ಎದುರಿಗೆ ಬಂದು ನಿಂತರು. "ತೆಗೀತೀವಿ ಅನ್ನಾದ್ನ ಕಾಗ್ದದಲ್ಲಿ ಬರ್ದಿದ್ರಿ ಸಾರ್. ಇರು ಅನ್ನಾದ್ನೂ ಕಾಗ್ದದಲ್ಲೇ ಬರ್ಕೊಡಿ" ಎಂದರು.

ಮ್ಯಾನೇಜರ್ ನನ್ನ ಮುಖ ನೋಡಿದರು. ನಾನು ನನ್ನ ನೋಟ್‌ಬುಕ್ಕಿನಿಂದ ಹಾಳೆ ಹರಿದು ಕೊಟ್ಟೆ. ಅವರು ಮತ್ತೆ ಕುರ್ಚಿಯ ಮೇಲೆ ಕೂತು, ಮಡಚಿದ ಲ್ಯಾಪ್‌ಟಾಪಿನ ಮೇಲೆ ಹಾಳೆ ಇಟ್ಟುಕೊಂಡು ಬರೆದು, ಸಹಿ ಹಾಕಿ ಕೊಟ್ಟರು. ಅಕ್ಕ ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು. ಓದಿ ಹಾಳೆಯನ್ನು ಅವರಿಗೇ ವಾಪಸ್ ಕೊಟ್ಟರು.

"ನಾಕು ಊರು ಬರ್ದಿದ್ದೀರಿ ಸಾರ್, ನಂದು ಐದು."

ಮ್ಯಾನೇಜರ್ ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಐದನೇ ಊರಿನ ಹೆಸರು ಬರೆದು ಮುಗಿಸುವವರೆಗೂ ಅಕ್ಕ ಅಲ್ಲೇ ನಿಂತಿದ್ದರು.